ಸರ್ಪಸುತ್ತು ಮತ್ತು ಚಿಕನ್‌ಪಾಕ್ಸ್: ನಮ್ಮ ಔಷಧ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡು ಕೂತವನು ನಾನು. ಡಾಕ್ಟರ್ ಅಲ್ಲ. ಆದರೆ ಡಾಕ್ಟರ್ ಹತ್ತಿರ ಹೋಗುವ ಮುಂಚೆ ಜನ ಮೊದಲು ಬರುವುದು ನಮ್ಮಂಥವರ ಹತ್ತಿರ. ವಯಸ್ಸಾದವರೊಬ್ಬರು ಬರುತ್ತಾರೆ, ಅಂಗಿ ಎತ್ತುತ್ತಾರೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಪಟ್ಟಿ. ಮೇಲೆ ಒಣಗಿ ಬಿರುಕು ಬಿಟ್ಟ ಕೆಮ್ಮಣ್ಣು. ಬನಿಯನ್ನು ಗುಳ್ಳೆಗೆ ಅಂಟಿಕೊಂಡಿದೆ. "ಒಂದು ಟ್ಯೂಬ್ ಕೊಡ್ರಿ, ಉರಿ ತಡೀಲಿಕ್ಕ ಆಗವಲ್ದು" ಎನ್ನುತ್ತಾರೆ. ಎಷ್ಟು ದಿನ ಆಯ್ತು ಅಂತ ಕೇಳಿದರೆ, "ಎಂಟು ದಿನ ಆಯ್ತ್ರಿ, ಮೂರು ಸಲ ಮಂತ್ರ ಹಾಕಿಸೀವಿ" ಎಂಬ ಉತ್ತರ. ಆ ಎಂಟು ದಿನ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಸರ್ಪಸುತ್ತು ಅಂದರೆ ಏನು? ಹಾವಿಗೂ ಇದಕ್ಕೂ ಸಂಬಂಧ ಇದೆಯಾ?

ಹೆಸರಿನಲ್ಲಿ ಮಾತ್ರ. ಗುಳ್ಳೆಗಳು ಸೊಂಟ, ಪಕ್ಕೆಯ ಸುತ್ತ ಸಾಲಾಗಿ ಏಳುವುದನ್ನು ನೋಡಿ ಹಿರಿಯರು ಹಾವು ಸುತ್ತಿಕೊಂಡಿದೆ ಅಂದುಕೊಂಡರು. ಆಳಂದ, ಭಾಲ್ಕಿ ಕಡೆಯ ಮರಾಠಿ ಜನ ಇದನ್ನು ನಾಗೀಣ ಅನ್ನುತ್ತಾರೆ. ಸೇಡಂ, ಗುರುಮಠಕಲ್ ಕಡೆ ತೆಲುಗು ಮಾತಾಡುವವರ ಬಾಯಲ್ಲಿ ಸರ್ಪಿ. ಡಾಕ್ಟರ್ ಚೀಟಿಯಲ್ಲಿ ಹರ್ಪಿಸ್ ಜೋಸ್ಟರ್ ಅಂತ ಇರುತ್ತದೆ. ಜೋಸ್ಟರ್ ಅನ್ನೋದು ಗ್ರೀಕ್ ಮಾತು, ಅರ್ಥ ನಡುಪಟ್ಟಿ. ನಮ್ಮ ಉಡದಾರ ಇದ್ದ ಹಾಗೆ. ಅವರಿಗೂ ಕಂಡದ್ದು ಅದೇ ಸುತ್ತು, ಹಾವು ಮಾತ್ರ ನಮ್ಮದು.

ಇದು ವೈರಸ್‌ನಿಂದ ಬರುವ ಕಾಯಿಲೆ. ಸರ್ಪದೋಷ ಅಲ್ಲ. ಹೊಲದಲ್ಲಿ ಯಾವಾಗಲೋ ಹಾವು ಹೊಡೆದದ್ದರ ಶಾಪವೂ ಅಲ್ಲ. ನಾಗರ ಪಂಚಮಿಗೆ ಹಾಲೆರೆಯುವುದು ನಿಮ್ಮ ಭಕ್ತಿ, ಅದಕ್ಕೆ ನನ್ನ ತಕರಾರಿಲ್ಲ. ಈ ಗುಳ್ಳೆಗೂ ಅದಕ್ಕೂ ಗಂಟು ಹಾಕಬೇಡಿ, ಅಷ್ಟೇ.

ಚಿಕ್ಕಂದಿನಲ್ಲಿ ಬಂದ ಚಿಕನ್‌ಪಾಕ್ಸ್‌ಗೂ ಈಗಿನ ಸರ್ಪಸುತ್ತಿಗೂ ಏನು ಸಂಬಂಧ?

ಎರಡೂ ಒಂದೇ ವೈರಸ್. ಹೆಸರು ವ್ಯಾರಿಸೆಲ್ಲಾ ಜೋಸ್ಟರ್. ಮೊದಲ ಸಲ ಮೈಗೆ ಹೊಕ್ಕಾಗ ಮೈತುಂಬ ಗುಳ್ಳೆ ಏಳುತ್ತವೆ. ಅದು ಚಿಕನ್‌ಪಾಕ್ಸ್. ನಮ್ಮ ಕಡೆ ಅಮ್ಮ ಬಂದಾಳ, ದೇವಿ ಬಂದಾಳ ಅನ್ನೋದು ಇದಕ್ಕೇ. ಒಂದೆರಡು ವಾರಕ್ಕೆ ಗುಳ್ಳೆ ಒಣಗಿ ಉದುರುತ್ತವೆ, ಬೇವಿನ ಸೊಪ್ಪಿನ ನೀರು ಹಾಕಿ ಎರೆಯುತ್ತಾರೆ, ಅಮ್ಮ ಹೋದಳು ಅನ್ನುತ್ತಾರೆ.

ಆದರೆ ವೈರಸ್ ಹೋಗಿರುವುದಿಲ್ಲ. ಚರ್ಮದಿಂದ ನರಗಳ ಗುಂಟ ಒಳಗೆ ಸರಿದು, ಬೆನ್ನೆಲುಬಿನ ಪಕ್ಕದಲ್ಲಿರುವ ನರದ ಗಂಟುಗಳಲ್ಲಿ ಸುಮ್ನೆ ಕೂತುಬಿಡುತ್ತದೆ. ಎರೆ ಹೊಲ ಮಾಡುವವರಿಗೆ ಕರಿಕೆ ಗೊತ್ತಲ್ವಾ? ಮೇಲಿಂದ ಎಷ್ಟು ಕಿತ್ತರೂ ಬೇರು ಒಳಗೇ. ಬೇಸಿಗೆಯಲ್ಲಿ ಹೊಲ ಬೋಳಾಗಿ ಕಾಣುತ್ತದೆ, ಹದ ಸಿಕ್ಕಾಗ ಬೇರು ಇದ್ದ ಕಡೆ ಮತ್ತೆ ಏಳುತ್ತದೆ. ಈ ವೈರಸ್ಸೂ ಹಾಗೇ. ಹತ್ತು ವರ್ಷ, ಐವತ್ತು ವರ್ಷ ಕೂತಿರಬಹುದು. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ ಮೈಯ ಕಾವಲು ಸಡಿಲವಾದಾಗ ಯಾವುದೋ ಒಂದು ನರದ ಗಂಟಿನಿಂದ ಎದ್ದು, ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಚಿಕನ್‌ಪಾಕ್ಸ್ ಮೈತುಂಬ, ಸರ್ಪಸುತ್ತು ಒಂದೇ ಪಟ್ಟಿ.

ಇದನ್ನು ಬಿಡಿಸಿ ಹೇಳಿದವರಲ್ಲಿ ಒಬ್ಬರು ದೊಡ್ಡ ಆಸ್ಪತ್ರೆಯವರಲ್ಲ, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರ್. ಹೆಸರು ಎಡ್ಗರ್ ಹೋಪ್ ಸಿಂಪ್ಸನ್. ತಮ್ಮಲ್ಲಿಗೆ ಬರುವ ರೋಗಿಗಳನ್ನೇ ವರ್ಷಗಟ್ಟಲೆ ಲೆಕ್ಕ ಇಟ್ಟು ನೋಡಿದರು. ವೈರಸ್ ನರದಲ್ಲಿ ಮಲಗಿದ್ದು ಮತ್ತೆ ಏಳುತ್ತದೆ ಅಂತ 1965ರಲ್ಲಿ ಬರೆದರು. ಊರ ಡಾಕ್ಟರುಗಳ ಚೀಟಿ ಪುಸ್ತಕದಲ್ಲಿ ಎಂಥೆಂಥ ವಿಷಯ ಅಡಗಿರುತ್ತವೆ ನೋಡಿ.

ನನಗೆ ಅಮ್ಮ ಬಂದದ್ದೇ ಇಲ್ಲ. ಆದರೂ ಸರ್ಪಸುತ್ತು ಬಂತಲ್ಲ?

ಬಂದಿರುತ್ತದೆ, ನೆನಪಿಲ್ಲ. ಕೆಲವು ಮಕ್ಕಳಿಗೆ ನಾಲ್ಕೈದು ಗುಳ್ಳೆ ಎದ್ದು ಸುಮ್ಮನಾಗುತ್ತವೆ, ಬೆವರುಸಾಲೆ ಅಂದುಕೊಂಡು ಬಿಟ್ಟುಬಿಡುತ್ತಾರೆ. ನಮ್ಮ ಬಿಸಿಲಿನಲ್ಲಿ ಯಾವ ಮಗುವಿಗೆ ಬೆವರುಸಾಲೆ ಇಲ್ಲ ಹೇಳಿ.

ಸಿಡುಬು ಅಂದರೂ ಇದೇನಾ?

ಅಲ್ಲ. ಸಿಡುಬು ಬೇರೆ ವೈರಸ್, ಜೀವ ತೆಗೆಯುತ್ತಿದ್ದ ರೋಗ. ಅದು ಈಗ ಲೋಕದಲ್ಲೇ ಇಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಅಳಿಯಿತು ಅಂತ ಸಾರಿತು. ಚಿಕನ್‌ಪಾಕ್ಸ್‌ಗೆ ಸೀತಾಳೆ ಸಿಡುಬು ಅಂತ ಹೆಸರಿದೆ, ಗೊಂದಲ ಅಲ್ಲಿಂದ. ದಡಾರ ಮೂರನೆಯದು, ಅದೂ ಬೇರೆಯೇ.

ಶುರುವಿನಲ್ಲೇ ಗೊತ್ತು ಹಚ್ಚುವುದು ಹೇಗೆ?

ಇಲ್ಲಿ ನನ್ನದೇ ತಪ್ಪು ಹೇಳಿಕೊಳ್ಳುತ್ತೇನೆ. ನಮ್ಮ ದೊಡ್ಡವ್ವ ಆಳಂದ ತಾಲೂಕಿನ ಹಳ್ಳಿಯಲ್ಲಿರುತ್ತಾರೆ. ಒಂದು ದಿನ ಫೋನ್ ಮಾಡಿ, "ತಮ್ಮಾ, ಎಡಗಡಿ ಪಕ್ಕಿ ಒಳಗ ಬೆಂಕಿ ಹಚ್ಚಿದಂಗ ಉರಿಲಕತ್ತದ, ಸೆರಗು ತಾಗಿದ್ರೂ ಚುಚ್ಚತದ" ಅಂದರು. ನಾನು ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದೆ. "ಗ್ಯಾಸ್ ಇರಬೇಕು, ಗುಳಿಗಿ ಕಳಸ್ತೀನಿ" ಅಂದುಬಿಟ್ಟೆ. ಮರುದಿನ ಹೆದರಿ ಇಸಿಜಿ ಮಾಡಿಸಿದರು. ಹೃದಯ ಸರಿಯಾಗಿತ್ತು. ಮೂರನೇ ದಿನ ಗುಳ್ಳೆ ಕಂಡವು. ಊರಲ್ಲಿ ಕೆಮ್ಮಣ್ಣು ಹಚ್ಚಿದರು. ನನಗೆ ಸುದ್ದಿ ಬಂದಾಗ ಗುಳ್ಳೆ ಎದ್ದು ಐದು ದಿನ ಕಳೆದಿತ್ತು. "ಸೆರಗು ತಾಗಿದ್ರೂ ಚುಚ್ಚತದ" ಅನ್ನೋ ಒಂದು ಮಾತು ನನ್ನ ಕಿವಿಗೆ ಬೀಳಬೇಕಿತ್ತು. ಗ್ಯಾಸಿಗೆ ಚರ್ಮ ಹಾಗೆ ಉರಿಯುವುದಿಲ್ಲ.

ಹೆಚ್ಚಿನವರಿಗೆ ನೋವೇ ಮೊದಲು. ಗುಳ್ಳೆ ಏಳುವ ಒಂದರಿಂದ ಐದು ದಿನ ಮುಂಚೆ ಮೈಯ ಒಂದೇ ಮಗ್ಗುಲಲ್ಲಿ ಉರಿ, ಚುಚ್ಚು, ಜುಮುಜುಮು ಅಥವಾ ತುರಿಕೆ. ಎದೆಯಲ್ಲಿ ಬಂದರೆ ಹಾರ್ಟ್ ಅಟ್ಯಾಕ್ ಅನ್ನಿಸುತ್ತದೆ, ಸೊಂಟದಲ್ಲಿ ಬಂದರೆ ಕಿಡ್ನಿ ಕಲ್ಲು ಅನ್ನಿಸುತ್ತದೆ. ಎದೆನೋವಿಗೆ ಇಸಿಜಿ ಮಾಡಿಸಿದ್ದು ತಪ್ಪಲ್ಲ, ಮಾಡಿಸಲೇಬೇಕು. ಅದು ಸರಿಯಾಗಿ ಬಂದ ಮೇಲೆ ದಿನಕ್ಕೆ ಎರಡು ಸಲ ಆ ಜಾಗದ ಚರ್ಮ ನೋಡುತ್ತಿರಿ. ಕೆಂಪು ಮಚ್ಚೆ, ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳ ಗೊಂಚಲು ಕಂಡರೆ ಅದೇ. ಮೂರರಿಂದ ಐದು ದಿನ ಹೊಸ ಗುಳ್ಳೆ ಏಳುತ್ತಿರುತ್ತವೆ. ವಾರ, ಹತ್ತು ದಿನಕ್ಕೆ ಒಣಗಿ ಹಕ್ಕಳೆ ಕಟ್ಟುತ್ತವೆ. ಪೂರ್ತಿ ಮಾಯಲು ಎರಡರಿಂದ ನಾಲ್ಕು ವಾರ.

ಹಾವಿನ ತಲೆ ಬಾಲ ಕೂಡಿದರೆ ಮನುಷ್ಯ ಉಳಿಯಲ್ಲ ಅಂತಾರಲ್ಲ, ನಿಜಾನಾ?

ಕೆಮ್ಮಣ್ಣು ಹಚ್ಚಿಕೊಳ್ಳಲು ಜನ ಓಡುವುದು ಈ ಹೆದರಿಕೆಗೇ. ನಿಜ ಅಲ್ಲ.

ಬೆನ್ನುಹುರಿಯಿಂದ 31 ಜೋಡಿ ನರಗಳು ಹೊರಡುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಎಡಕ್ಕೆ, ಒಂದು ಬಲಕ್ಕೆ. ಎಡದ್ದು ಹೊಟ್ಟೆಯ ನಡುಗೆರೆಯ ತನಕ ಬಂದು ನಿಲ್ಲುತ್ತದೆ. ನಾರಾಯಣಪುರ ಡ್ಯಾಮಿನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಶಹಾಪುರ, ಸುರಪುರದ ಹೊಲ ತೊಯ್ಯುತ್ತದೆ. ಹೊಳೆಯ ಆಚೆ ದಂಡೆಯ ಹೊಲಕ್ಕೆ ಅದೇ ನೀರು ಹೋಗುತ್ತದಾ? ಇಲ್ಲಿಯೂ ಅಷ್ಟೇ. ವೈರಸ್ ಎದ್ದದ್ದು ಎಡದ ನರದಲ್ಲಾದರೆ ಗುಳ್ಳೆ ಎಡಕ್ಕೇ. ತಲೆ ಬಾಲ ಕೂಡುವುದೇ ಇಲ್ಲ. ಮಂತ್ರ ಹಾಕಿದ್ದರಿಂದ ಹಾವು ಅರ್ಧಕ್ಕೆ ನಿಂತಿತು ಅಂತ ಹೇಳುತ್ತಾರೆ. ಅದು ಮೊದಲೇ ಅರ್ಧಕ್ಕೆ ನಿಲ್ಲುವ ಕಾಯಿಲೆ.

ಅಪರೂಪಕ್ಕೆ ಎರಡೂ ಕಡೆ, ಇಲ್ಲವೇ ಮೈಯ ಬೇರೆ ಬೇರೆ ಜಾಗಗಳಲ್ಲಿ ಏಳುವುದುಂಟು. ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ಕಿಡ್ನಿ ಕಸಿಯಂಥ ಕಾರಣಕ್ಕೆ ಮೈಯ ಶಕ್ತಿ ತೀರಾ ಕುಗ್ಗಿದವರಲ್ಲಿ ಹಾಗಾಗುತ್ತದೆ. ಆಗ ತಡ ಮಾಡದೆ ಆಸ್ಪತ್ರೆಗೆ ಸೇರಬೇಕು.

ಕೆಮ್ಮಣ್ಣು ಹಚ್ಚಿದರೆ ಏನು ತೊಂದರೆ? ನಮ್ಮ ಮುತ್ಯಾನಿಗೆ ಅದರಿಂದಲೇ ವಾಸಿ ಆಯ್ತು.

ಮುತ್ಯಾನಿಗೆ ಹಚ್ಚದಿದ್ದರೂ ಮೂರು ವಾರಕ್ಕೆ ಗುಳ್ಳೆ ಒಣಗುತ್ತಿದ್ದವು. ಒಣಗುವ ಹೊತ್ತಿಗೆ ಕೆಮ್ಮಣ್ಣು ಮೈಮೇಲಿತ್ತು, ಹೆಸರು ಅದಕ್ಕೆ ಬಂತು.

ಹಸಿ ಕೆಮ್ಮಣ್ಣು ತಂಪು ಅನ್ನಿಸುತ್ತದೆ, ಒಪ್ಪುತ್ತೇನೆ. ಆದರೆ ಒಡೆದ ಗುಳ್ಳೆಯೊಳಗೆ ಮಣ್ಣು ಸೇರಿದರೆ ಕೀವಾಗುತ್ತದೆ. ಒಣಗಿದಾಗ ಚರ್ಮ ಬಿಗಿದು, ಕೀಳುವಾಗ ಹಕ್ಕಳೆ ಸಮೇತ ಬರುತ್ತದೆ. ಡಾಕ್ಟರಿಗೆ ಒಳಗೇನಿದೆ ಅಂತ ಕಾಣುವುದೂ ಇಲ್ಲ. ಇವೆಲ್ಲಕ್ಕಿಂತ ದೊಡ್ಡ ನಷ್ಟ ದಿನಗಳದ್ದು. ಮಂತ್ರ ಹಾಕುವ ಅಜ್ಜನ ಮೇಲೆ ನಂಬಿಕೆ ಇದ್ದರೆ ಹೋಗಿ, ಕಾಯಿ ಒಡೆಸಿ, ನಮಸ್ಕಾರ ಮಾಡಿ. ಗುಳಿಗೆ ನುಂಗಿ ಹೋಗಿ. ಮೈಗೆ ಮಾತ್ರ ಏನೂ ಬಳಿಸಿಕೊಳ್ಳಬೇಡಿ.

ಇದಕ್ಕೆ ಔಷಧ ಇದೆಯಾ? ಟ್ಯೂಬ್ ಸಾಕಾಗಲ್ವಾ?

ಔಷಧ ಇದೆ. ಟ್ಯೂಬ್ ಸಾಲದು. ವೈರಸ್ ನರದಲ್ಲಿರುತ್ತದೆ, ಚರ್ಮಕ್ಕೆ ಸವರಿದ್ದು ಅಲ್ಲಿಗೆ ಮುಟ್ಟುವುದಿಲ್ಲ. ಬರೀ ಎಸೈಕ್ಲೋವಿರ್ ಟ್ಯೂಬ್ ಒಯ್ದು ಹಚ್ಚಿಕೊಂಡು ಕೂತವರು ದುಡ್ಡಿನ ಜೊತೆ ಟೈಮನ್ನೂ ಕಳೆದುಕೊಳ್ಳುತ್ತಾರೆ. ಸ್ಟೀರಾಯ್ಡ್ ಬೆರೆಸಿದ ತುರಿಕೆಯ ಟ್ಯೂಬ್‌ಗಳಂತೂ ಬೇಡವೇ ಬೇಡ.

ಬೇಕಾದದ್ದು ಗುಳಿಗೆ. ಎಸೈಕ್ಲೋವಿರ್, ವ್ಯಾಲಸೈಕ್ಲೋವಿರ್, ಫ್ಯಾಮ್ಸೈಕ್ಲೋವಿರ್ ಇವುಗಳಲ್ಲಿ ಒಂದನ್ನು ಡಾಕ್ಟರ್ ಬರೆಯುತ್ತಾರೆ. ಗುಳ್ಳೆ ಕಂಡ 72 ಗಂಟೆ ಒಳಗೆ ಶುರು ಮಾಡಿದರೆ ಲಾಭ ಜಾಸ್ತಿ. ಹೊಸ ಗುಳ್ಳೆ ಬೇಗ ನಿಲ್ಲುತ್ತವೆ, ನೋವಿನ ಜೋರು ತಗ್ಗುತ್ತದೆ. ಲೆಕ್ಕ ನೋವು ಶುರುವಾದ ದಿನದಿಂದಲ್ಲ, ಮೊದಲ ಗುಳ್ಳೆಯಿಂದ. ಮೂರು ದಿನ ದಾಟಿದರೂ ಹೊಸ ಗುಳ್ಳೆ ಏಳುತ್ತಿದ್ದರೆ, ಕಣ್ಣಿನ ಹತ್ತಿರ ಇದ್ದರೆ, ಮೈಯ ಶಕ್ತಿ ಕುಗ್ಗಿದವರಾಗಿದ್ದರೆ ಆಗಲೂ ಕೊಡುತ್ತಾರೆ. ತಡವಾಯ್ತು ಅಂತ ಮನೆಯಲ್ಲಿ ಕೂರಬೇಡಿ.

ಎಸೈಕ್ಲೋವಿರ್ ದೊಡ್ಡವರಿಗೆ ಸಾಮಾನ್ಯವಾಗಿ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಐದು ಸಲ ಅಂದ ಕೂಡಲೇ ಜನ ನನ್ನ ಮುಖ ನೋಡುತ್ತಾರೆ, ಮನೆಗೆ ಹೋಗಿ ಮೂರಕ್ಕೆ ಇಳಿಸುತ್ತಾರೆ. ಇಳಿಸಬೇಡಿ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಗುಳಿಗೆಯ ಡಬ್ಬಿ ಮೇಲೆ ನಾನೇ ಬರೆದುಕೊಡುತ್ತೇನೆ. ಊಟ ಆಗಿರಲೇಬೇಕು ಅಂತಿಲ್ಲ. ನೀರು ಮಾತ್ರ ಜಾಸ್ತಿ ಕುಡಿಯಬೇಕು. ಮೈಯಲ್ಲಿ ನೀರು ಕಮ್ಮಿಯಾದರೆ ಈ ಔಷಧ ಕಿಡ್ನಿಯಲ್ಲಿ ಹರಳುಗಟ್ಟಬಹುದು. ಏಪ್ರಿಲ್, ಮೇ ತಿಂಗಳ 42 ಡಿಗ್ರಿಯಲ್ಲಿ ಇದು ಸಣ್ಣ ಮಾತಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಪ್ರಮಾಣವನ್ನೇ ಕಡಿಮೆ ಮಾಡಬೇಕಾಗುತ್ತದೆ, ಡಾಕ್ಟರಿಗೆ ಮೊದಲೇ ಹೇಳಿ. ಜನೌಷಧಿ ಕೇಂದ್ರದಲ್ಲಿ ಇದೇ ಗುಳಿಗೆ ಅಗ್ಗಕ್ಕೆ ಸಿಗುತ್ತದೆ. ನಾನು ಅಂಗಡಿಯವನಾಗಿ ಇದನ್ನು ಹೇಳಬಾರದು, ಆದರೂ ಹೇಳಿದೆ.

ಮುಖದ ಮೇಲೆ ಬಂದರೆ?

ಅವತ್ತೇ ಆಸ್ಪತ್ರೆಗೆ ಹೋಗಿ. ಹಣೆ, ರೆಪ್ಪೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಹೋಗುವ ನರ ಸಿಕ್ಕಿಬಿದ್ದಿರುವ ಸಾಧ್ಯತೆ ಜಾಸ್ತಿ. ಕಣ್ಣು ಕೆಂಪಾಗದಿದ್ದರೂ ಕಣ್ಣಿನ ಡಾಕ್ಟರೇ ನೋಡಬೇಕು, ದೃಷ್ಟಿ ಹೋಗಬಹುದು. ಕಿವಿಯ ಒಳಗೆ ಅಥವಾ ಸುತ್ತ ಗುಳ್ಳೆ ಬಂದು, ಬಾಯಿ ಒಂದು ಕಡೆ ಸೊಟ್ಟಗಾದರೆ, ತಲೆ ತಿರುಗಿದರೆ ಲಕ್ವ ಹೊಡೀತು ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಅದಕ್ಕೆ ರಾಮ್ಸೆ ಹಂಟ್ ಅಂತ ಹೆಸರು, ಮಾಡುವುದು ಇದೇ ವೈರಸ್.

ಮನೆಯವರಿಗೆ ಅಂಟುತ್ತದಾ?

ಸರ್ಪಸುತ್ತು ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬರದವರಿಗೆ, ಲಸಿಕೆಯನ್ನೂ ಹಾಕಿಸದವರಿಗೆ ಚಿಕನ್‌ಪಾಕ್ಸ್ ಬರಬಹುದು. ಆಯಿಯ ಸರ್ಪಸುತ್ತಿನಿಂದ ಮೊಮ್ಮಗಳಿಗೆ ಅಮ್ಮ ಬಂದ ಮನೆಗಳನ್ನು ನೋಡಿದ್ದೇನೆ. ಗುಳ್ಳೆ ಹಕ್ಕಳೆ ಕಟ್ಟುವ ತನಕ ಶುಭ್ರ ಬಟ್ಟೆಯಿಂದ ಮುಚ್ಚಿರಿ. ಟವೆಲ್ ಬೇರೆ ಇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಸುಗೂಸು, ಬಸುರಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ದೂರ ಇರಲಿ. ಚಿಕನ್‌ಪಾಕ್ಸ್ ಬರದ ಬಸುರಿ ಗುಳ್ಳೆ ಮುಟ್ಟಿದ್ದರೆ ಕಾದು ನೋಡಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ.

ಮೊಮ್ಮಗನಿಗೆ ಚಿಕನ್‌ಪಾಕ್ಸ್ ಬಂದಿದೆ. ಅವನಿಂದ ನನಗೆ ಸರ್ಪಸುತ್ತು ಬರುತ್ತಾ?

ಇಲ್ಲ. ನಿಮ್ಮದು ನಿಮ್ಮ ಒಳಗಿಂದಲೇ ಬರಬೇಕು. ಚಿಕ್ಕಂದಿನಲ್ಲಿ ನಿಮಗೆ ಅಮ್ಮ ಬಂದಿಲ್ಲದಿದ್ದರೆ ಅವನಿಂದ ಚಿಕನ್‌ಪಾಕ್ಸ್ ಬರಬಹುದು, ದೊಡ್ಡವರಿಗೆ ಅದು ಜೋರು. ನಮ್ಮಂಥ ಬಿಸಿ ನಾಡುಗಳಲ್ಲಿ ದೊಡ್ಡವರಾಗುವ ತನಕ ಬರದೇ ಉಳಿದವರು ಕಮ್ಮಿಯೇನಲ್ಲ.

ಹುಡುಗನ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಕೊಡಲೇಬಾರದು, ಐಬುಪ್ರೊಫೆನ್ ಕೂಡ ಬೇಡ. ಉಗುರು ಕತ್ತರಿಸಿ. ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದ ಎಲ್ಲ ಹಕ್ಕಳೆ ಕಟ್ಟುವ ತನಕ ಅಂಟುತ್ತದೆ, ಅಲ್ಲಿಯವರೆಗೆ ಶಾಲೆ ಬೇಡ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಪದ್ಧತಿ ನನಗೆ ಇಷ್ಟ. ಸೊಪ್ಪು ಕಂಡವರು ಒಳಗೆ ಬರುವುದಿಲ್ಲ, ಅದೇ ದೊಡ್ಡ ಉಪಕಾರ.

ಗುಳ್ಳೆ ವಾಸಿಯಾಗಿ ತಿಂಗಳುಗಳಾದವು. ಉರಿ ಯಾಕೆ ಹೋಗಿಲ್ಲ?

ದೊಡ್ಡವ್ವನಿಗೆ ಹೀಗೇ ಆಯ್ತು. ಹಕ್ಕಳೆ ಉದುರಿ ಚರ್ಮ ತಿಳಿಯಾಯ್ತು, ನೋವು ಉಳಿಯಿತು. ಮೇ ತಿಂಗಳಲ್ಲಿ ನಮ್ಮ ಮನೆಗೆ ಕರೆತಂದಿದ್ದೆ. ಎಲ್ಲರೂ ಕೂಲರ್ ಮುಂದೆ ಕೂತರೆ ಅವರು ಅಡುಗೆಮನೆಯ ಬಿಸಿಯಲ್ಲಿ ಒಬ್ಬರೇ. ಗಾಳಿ ತಾಗಿದರೂ ಮೈಗೆ ಸೂಜಿ ಚುಚ್ಚಿದ ಹಾಗೆ. ಸೆರಗನ್ನು ಪಕ್ಕೆಗೆ ತಾಗದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಹತ್ತಿರ ಹತ್ತಿರ ಒಂದು ವರ್ಷ.

ವೈರಸ್ ನರವನ್ನು ಗಾಯ ಮಾಡಿ ಹೋಗಿರುತ್ತದೆ. ಚರ್ಮ ಬೇಗ ಮಾಯುತ್ತದೆ, ನರ ಅಷ್ಟು ಬೇಗ ಮಾಯುವುದಿಲ್ಲ. ಮೂರು ತಿಂಗಳು ದಾಟಿದರೂ ನೋವಿದ್ದರೆ ಅದೇ ಬೇರೆ ತೊಂದರೆ ಅಂತ ಲೆಕ್ಕ. ಸರ್ಪಸುತ್ತು ಬಂದ ನೂರು ಜನರಲ್ಲಿ ಸುಮಾರು ಹತ್ತರಿಂದ ಹದಿನೆಂಟು ಜನರಿಗೆ ಹೀಗಾಗುತ್ತದೆ, ವಯಸ್ಸಾದವರಿಗೆ ಜಾಸ್ತಿ. ಮೈಕೈ ನೋವಿನ ಮಾಮೂಲಿ ಗುಳಿಗೆ ಇದಕ್ಕೆ ಅಷ್ಟಾಗಿ ಹತ್ತುವುದಿಲ್ಲ, ದಿನಾ ನುಂಗಿದರೆ ಕಿಡ್ನಿಗೆ ಕಷ್ಟ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್ ಅಂತ ನರದ ನೋವಿನ ಔಷಧಗಳಿವೆ. ಚೀಟಿ ಇಲ್ಲದೆ ಕೊಡುವಂಥವಲ್ಲ. ತೂಕಡಿಕೆ ಬರುತ್ತದೆ, ತಲೆ ತಿರುಗುತ್ತದೆ, ಮೊದಲ ವಾರ ಬೈಕ್ ಹತ್ತಬೇಡಿ. ನಿಧಾನಕ್ಕೆ ಏರಿಸಿ ನಿಧಾನಕ್ಕೆ ಇಳಿಸಬೇಕು. "ಅವ್ವಗ ಏನೂ ಇಲ್ಲ, ಸುಮ್ನೆ ನರಳ್ತಾಳ" ಅಂತ ಮನೆಯವರು ಅನ್ನುವುದನ್ನು ಕೇಳಿದ್ದೇನೆ. ಕಣ್ಣಿಗೆ ಕಾಣದ ನೋವಿಗೆ ಸಾಕ್ಷಿ ಕೇಳಬಾರದು.

ಲಸಿಕೆ ಇದೆಯಂತೆ?

ಎರಡು ಇವೆ, ಒಂದನ್ನು ಇನ್ನೊಂದು ಅಂದುಕೊಳ್ಳಬೇಡಿ. ಮಕ್ಕಳ ಚಿಕನ್‌ಪಾಕ್ಸ್ ಲಸಿಕೆ ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಮಾಡಿದ್ದು. ಅವರ ಮಗನಿಗೇ ಚಿಕನ್‌ಪಾಕ್ಸ್ ಜೋರಾಗಿ ಬಂದಿತ್ತು. ನಮ್ಮಲ್ಲಿ ಸರ್ಕಾರದ ಉಚಿತ ಪಟ್ಟಿಯಲ್ಲಿ ಇದಿಲ್ಲ, ಖಾಸಗಿಯಾಗಿ ಎರಡು ಡೋಸ್ ಹಾಕಿಸಬೇಕು. ಹಾಕಿಸಿಕೊಂಡ ಮಕ್ಕಳಿಗೆ ಮುಂದೆ ಸರ್ಪಸುತ್ತು ಬರುವ ಸಾಧ್ಯತೆಯೂ ತುಂಬಾ ಕಡಿಮೆ.

ದೊಡ್ಡವರ ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಭಾರತಕ್ಕೆ 2023ರಲ್ಲಿ ಬಂತು. 50 ದಾಟಿದವರಿಗೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಪರೀಕ್ಷೆಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ರಕ್ಷಣೆ ಕಂಡಿದೆ. ರೆಟ್ಟೆ ನೋವು, ಜ್ವರ ಒಂದೆರಡು ದಿನ ಇರಬಹುದು. ಬೆಲೆ ದುಬಾರಿ, ಕೂಲಿ ಮಾಡುವವರಿಗೆ ಎಟುಕುವುದಿಲ್ಲ, ಮುಚ್ಚುಮರೆ ಯಾಕೆ. ಕೈಯಲ್ಲಿ ಆಗುವವರು, ಅದರಲ್ಲೂ ಶುಗರ್ ಇದ್ದವರು, ಡಾಕ್ಟರ್ ಹತ್ತಿರ ಮಾತಾಡಿ. ಗುಳ್ಳೆ ಎದ್ದ ಮೇಲೆ ಇದು ಔಷಧವಲ್ಲ.

ವಯಸ್ಸು 28. ನನಗ್ಯಾಕೆ ಬಂತು? ಮತ್ತೆ ಬರುತ್ತಾ?

ಯಾವ ವಯಸ್ಸಿಗೂ ಬರಬಹುದು, ಐವತ್ತರ ಮೇಲೆ ಜಾಸ್ತಿ. ಚಿಕ್ಕ ವಯಸ್ಸಿನಲ್ಲಿ ಜೋರಾಗಿ ಬಂದರೆ ಶುಗರ್, ಎಚ್‌ಐವಿ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಹೇಳಬಹುದು. ಅವಮಾನ ಅಂದುಕೊಳ್ಳಬೇಡಿ. ಎರಡನೇ ಸಲ ಕೆಲವರಿಗೆ ಮಾತ್ರ ಬರುತ್ತದೆ.

ಸ್ನಾನ ಮಾಡಬಹುದಾ? ಬದನೆಕಾಯಿ ನಂಜಂತೆ?

ಮಾಡಿ. ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸಿ. ತಣ್ಣೀರಿನ ಒದ್ದೆ ಬಟ್ಟೆ, ಕ್ಯಾಲಮೈನ್ ಲೋಷನ್, ಸಡಿಲ ಹತ್ತಿ ಬಟ್ಟೆ ಹಿತ. ಎಣಗಾಯಿ, ರೊಟ್ಟಿ, ಮೊಸರು ಎಲ್ಲ ತಿನ್ನಿ. ಪಥ್ಯದ ಹೆಸರಲ್ಲಿ ಬರೀ ಗಂಜಿ ಕುಡಿದು ಮೈ ಇನ್ನಷ್ಟು ಸೋಲಿಸಿಕೊಂಡವರೇ ನನ್ನ ಹತ್ತಿರ ಟಾನಿಕ್ ಕೇಳುತ್ತಾರೆ.

ಯಾವ ಡಾಕ್ಟರ್ ಹತ್ತಿರ ಹೋಗಬೇಕು?

ನಿಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು, ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಚರ್ಮದ ಡಾಕ್ಟರೇ ಬೇಕು ಅಂದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ. ಅವರು ಸಿಗುವ ದಿನ ದೂರ ಇದ್ದರೆ ಕಾಯದೆ ಹತ್ತಿರದ ಎಂಬಿಬಿಎಸ್ ಡಾಕ್ಟರಲ್ಲಿ ಗುಳಿಗೆ ಶುರು ಮಾಡಿಸಿ. ಹೋಗುವಾಗ ಒಂದು ಚೀಟಿಯಲ್ಲಿ ಎರಡು ವಿಷಯ ಬರೆದುಕೊಳ್ಳಿ. ಮೊದಲ ಗುಳ್ಳೆ ಕಂಡದ್ದು ಯಾವ ದಿನ, ಎಷ್ಟು ಗಂಟೆಗೆ. ಈಗ ನುಂಗುತ್ತಿರುವ ಗುಳಿಗೆಗಳು ಯಾವುವು. ಹಳೇ ಕಿಡ್ನಿ ರಿಪೋರ್ಟ್ ಇದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.